ಹಳೇ ಜೀಪು: ಇಟ್ಕೊಳ್ಳೋಣವೋ, ಮಾರೋಣವೋ?



ಮನೆ ಖರ್ಚಿನ ಲೆಕ್ಕ ಬರೆಯೋದನ್ನು ನಾವು ಹಿಂದಿನ ಪಾಠದಲ್ಲಿ ಕಲಿತೆವು. ಸೊಪ್ಪು, ಸೋಪು, ಸಕ್ಕರೆ ಎಲ್ಲದಕ್ಕೂ ಲೆಕ್ಕ ಬರೆದೆವು. ಈಗ ಅದೇ ಲೆಕ್ಕವನ್ನು ಒಂದು ದೊಡ್ಡ ವಸ್ತುವಿಗೆ ಬರೆದು ನೋಡೋಣ. ಆ ವಸ್ತು ನಮ್ಮ ಮನೆಯ ಹಳೇ ಜೀಪು.

ನಿಮ್ಮ ಮನೆಯಲ್ಲಿ ಜೀಪು ಇಲ್ಲದೆ ಇರಬಹುದು. ಹಳೇ ಟ್ರಾಕ್ಟರ್ ಇರಬಹುದು. ಹಳೇ ಪಂಪ್‌ಸೆಟ್ ಇರಬಹುದು. ವಯಸ್ಸಾದ ಎತ್ತು ಇರಬಹುದು. ಯಾವುದೇ ಆದರೂ ಪ್ರಶ್ನೆ ಒಂದೇ. ಇಟ್ಟುಕೊಂಡರೆ ಎಷ್ಟು ಖರ್ಚು? ಕೊಟ್ಟುಬಿಟ್ಟರೆ ಏನು ಕಷ್ಟ? ಇದನ್ನು ಮನೆಯಲ್ಲಿ ಯಾರು ತೀರ್ಮಾನ ಮಾಡಬೇಕು?

ಪಾಠ ಓದಿ. ಆಮೇಲೆ ಎಲ್ಲರೂ ಕೂತು ಮಾತಾಡಿ.

1. ಜೀಪು ಬಂದದ್ದು

ನಮ್ಮ ಮನೆ ಕ್ಯಾತ್ಸಂದ್ರದಲ್ಲಿದೆ. ನಮ್ಮ ತೋಟ ದೇವರಾಯನದುರ್ಗದ ಕಡೆ ಹೋಗುವ ದಾರಿಯಲ್ಲಿದೆ. ಅಲ್ಲಿ ತೆಂಗು ಮತ್ತು ಅಡಿಕೆ ಇದೆ. ಆಗ ತೋಟಕ್ಕೆ ಸರಿಯಾದ ದಾರಿ ಇರಲಿಲ್ಲ. ಮಳೆ ಬಂದರೆ ಗಾಡಿ ಹೂತುಕೊಳ್ಳುತ್ತಿತ್ತು. ಕಾಯಿ ತೋಟದಲ್ಲೇ ಉಳಿಯುತ್ತಿತ್ತು.

2001ರಲ್ಲಿ ನಮ್ಮ ಮಾವ ಒಂದು ಮಹೀಂದ್ರ ಜೀಪು ತಂದರು. ಅದಕ್ಕೆ ಒಂದು ಜೊತೆ ಎತ್ತು ಮಾರಿದರು. ಆ ಎತ್ತು ಮಾರಿದ್ದು ಸಿದ್ಧಗಂಗೆ ದನಗಳ ಜಾತ್ರೆಯಲ್ಲಿ. ಉಳಿದ ದುಡ್ಡಿಗೆ ಬ್ಯಾಂಕಿನಲ್ಲಿ ಸಾಲ ಮಾಡಿದರು. ಐದು ವರ್ಷದಲ್ಲಿ ಸಾಲ ತೀರಿಸಿದರು. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಇತ್ತು. ಅದನ್ನೂ ಆಗಲೇ ತೆಗೆಸಿದರು. ಅದು ನಮ್ಮ ಪುಣ್ಯ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಜೀಪು ಮೊದಲು ಬಂದದ್ದು ಯುದ್ಧಕ್ಕೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಇದನ್ನು ಮಾಡಿದರು. ಕೆಸರು, ಕಲ್ಲು, ಗುಡ್ಡ ಏನೇ ಬರಲಿ, ಗಾಡಿ ನಿಲ್ಲಬಾರದು. ಅದಕ್ಕೇ ನಾಲ್ಕು ಚಕ್ರಕ್ಕೂ ಎಳೆಯುವ ಶಕ್ತಿ ಕೊಟ್ಟರು. ನಮ್ಮ ದೇಶದಲ್ಲಿ 1947ರಲ್ಲಿ ಮಹೀಂದ್ರ ಕಂಪನಿಯವರು ಬಿಡಿಭಾಗ ತರಿಸಿ ಜೀಪು ಜೋಡಿಸಲು ಶುರುಮಾಡಿದರು. ಆಮೇಲೆ ಪೊಲೀಸರಿಗೆ, ಅರಣ್ಯದವರಿಗೆ, ತೋಟದವರಿಗೆ ಜೀಪು ಬಂತು. ನಮ್ಮಂಥವರ ಮನೆಗೂ ಬಂತು.

ನಮ್ಮ ಜೀಪು ಬರೀ ಕಾಯಿ ಹೊರಲಿಲ್ಲ. ಬೀದಿಯ ಮದುವೆಗಳಿಗೆ ಹೋಯಿತು. ಒಂದು ಮಳೆ ರಾತ್ರಿ ಪಕ್ಕದ ಮನೆ ಬಸುರಿ ಹೆಂಗಸನ್ನು ತುಮಕೂರಿನ ದೊಡ್ಡಾಸ್ಪತ್ರೆಗೆ ಮುಟ್ಟಿಸಿತು. ಹುಟ್ಟಿದ ಮಗು ಈಗ ಕಾಲೇಜಿಗೆ ಹೋಗುತ್ತಿದೆ. ಹೀಗಾಗಿ ಜೀಪು ಅಂದರೆ ಬೀದಿಗೆಲ್ಲಾ ಪ್ರೀತಿ.

2. ಜೀಪಿಗೆ ಬಾಯಾರಿಕೆ ಯಾಕೆ?

2024ರಲ್ಲಿ ಮಾವ ತೀರಿಕೊಂಡರು. ಆಗ ಜೀಪಿಗೆ 23 ವರ್ಷ. ಅದು ಡೀಸೆಲ್ ಕುಡಿಯುವುದು ಜಾಸ್ತಿಯಾಗಿತ್ತು.

ಜೀಪು ಯಾಕೆ ಇಷ್ಟು ಕುಡಿಯುತ್ತದೆ? ಕಾರಣ ಹೀಗಿವೆ:

ಜೀಪು ಭಾರ. ದಪ್ಪ ಕಬ್ಬಿಣದ ಗಾಡಿ ಅದು.
ಅದರ ಮುಖ ಚಪ್ಪಟೆ. ಗಾಳಿಯನ್ನು ನೂಕಿಕೊಂಡು ಹೋಗಬೇಕು.
ಟೈರು ದಪ್ಪ. ಉರುಳೋದಕ್ಕೆ ಹೆಚ್ಚು ಶಕ್ತಿ ಬೇಕು.
ನಾಲ್ಕು ಚಕ್ರಕ್ಕೂ ಶಕ್ತಿ ಮುಟ್ಟಿಸೋಕೆ ಹೆಚ್ಚಿಗೆ ಗೇರು, ಹೆಚ್ಚಿಗೆ ರಾಡು ಇರುತ್ತವೆ. ಅವೂ ಭಾರವೇ.
ಇಂಜಿನ್ನು ಹಳೆಯದಾದ ಹಾಗೆ ಸವೆಯುತ್ತದೆ.

ಇನ್ನೊಂದು ವಿಷಯ ತಿಳಿದಿರಲಿ. ಇಂಥ ಜೀಪು ಯಾವಾಗಲೂ ನಾಲ್ಕು ಚಕ್ರದಿಂದ ಎಳೆಯುವುದಿಲ್ಲ. ಟಾರು ರಸ್ತೆಯಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. ಗೇರಿನ ಪಕ್ಕದಲ್ಲಿ ಒಂದು ಸಣ್ಣ ಗೇರು ಇರುತ್ತದೆ. ಕೆಸರು ಬಂದಾಗ ಅದನ್ನು ಹಾಕಬೇಕು. ಆಗ ಮುಂದಿನ ಚಕ್ರಗಳೂ ಎಳೆಯುತ್ತವೆ. ಒಣ ಟಾರು ರಸ್ತೆಯಲ್ಲಿ ಅದನ್ನು ಹಾಕಿಕೊಂಡು ಓಡಿಸಬಾರದು. ಡೀಸೆಲ್ಲೂ ದಂಡ, ಗೇರೂ ಹಾಳು.

ನಾವು ಮೊದಲು ಜೀಪಿನ ಬಾಯಾರಿಕೆ ಕಡಿಮೆ ಮಾಡಲು ನೋಡಿದೆವು. ಮೆಕ್ಯಾನಿಕ್ ಹತ್ತಿರ ತೋರಿಸಿದೆವು. ಏರ್ ಫಿಲ್ಟರಿನಲ್ಲಿ ಮಣ್ಣು ಕಟ್ಟಿತ್ತು. ಟೈರಿನಲ್ಲಿ ಗಾಳಿ ಕಡಿಮೆ ಇತ್ತು. ಒಂದು ಚಕ್ರದ ಬ್ರೇಕು ಹಿಡಿದುಕೊಂಡೇ ಇತ್ತು. ಎಲ್ಲಾ ಸರಿಮಾಡಿಸಿದೆವು. ಮೊದಲು ಒಂದು ಲೀಟರಿಗೆ 8 ಕಿಲೋಮೀಟರ್ ಬರುತ್ತಿತ್ತು. ಆಮೇಲೆ 9 ಬಂತು. ಅದಕ್ಕಿಂತ ಹೆಚ್ಚು ಬರಲಿಲ್ಲ.

3. ಮನೆಯಲ್ಲಿ ಮಾತು

2025ರಲ್ಲಿ ಇನ್ನೊಂದು ಸುದ್ದಿ ಬಂತು. ಸ್ವಂತ ಗಾಡಿಗೆ ಮೊದಲು 15 ವರ್ಷ ನೋಂದಣಿ ಇರುತ್ತದೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು. ನಮ್ಮ ಜೀಪಿಗೆ ಮಾವ 2016ರಲ್ಲಿ ಒಂದು ಸಲ, 2021ರಲ್ಲಿ ಇನ್ನೊಂದು ಸಲ ಮಾಡಿಸಿದ್ದರು. ಮುಂದಿನದು 2026ರಲ್ಲಿ. ಆದರೆ 20 ವರ್ಷ ದಾಟಿದ ಕಾರು, ಜೀಪುಗಳಿಗೆ ಈ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ಮಾಡಿತು. ಮೊದಲು ಅದು 5,000 ಇತ್ತು.

ಅವತ್ತು ರಾತ್ರಿ ಊಟ ಆದ ಮೇಲೆ ಮಾತು ಶುರುವಾಯಿತು.

ನಮ್ಮ ಯಜಮಾನರು ಹೇಳಿದರು: “ಇದು ಆನೆ ಸಾಕಿದ ಹಾಗಾಯ್ತು. ಮಾರಿಬಿಡೋಣ.”

ನಮ್ಮ ಮೈದುನ ಹೇಳಿದರು: “ಅಪ್ಪ ತಂದ ಗಾಡಿ ಅಣ್ಣ. ಮಾರಿದ್ರೆ ಜನ ಏನಂತಾರೆ? ಮನೆ ಕೈಲಾಗದೆ ಮಾರಿದ್ರು ಅಂತಾರೆ.”

ನಮ್ಮ ಮಗಳು ಹೇಳಿದಳು: “ತಾತನ ಜೀಪು ಬೇಕು.”

ಅತ್ತೆ ಮಾತಾಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಎಲ್ಲರೂ ಕೂಗಾಡಿದ ಮೇಲೆ ಒಂದು ಮಾತು ಹೇಳಿದರು:

“ನಿಮ್ಮಪ್ಪ ಎತ್ತು ಮಾರೋವಾಗ ಹಲ್ಲು ನೋಡಿ, ಮೇವು ಲೆಕ್ಕ ಹಾಕಿ ಮಾರಿದ್ರು. ಬಾಯಿ ಮಾತಲ್ಲಿ ಮಾರಲಿಲ್ಲ. ಮೊದಲು ಲೆಕ್ಕ ಬರೀರಿ. ಆಮೇಲೆ ಮಾತಾಡಿ.”

ನಮ್ಮ ಅತ್ತೆ ಓದು ಕಲಿತದ್ದು ನಮ್ಮದೇ ಸಂಜೆ ತರಗತಿಯಲ್ಲಿ. ಅದಕ್ಕೆ ಮುಂಚೆ ಎಲ್ಲಾ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಸ್ಲೇಟು ಬಿಟ್ಟು ನೋಟ್‌ಬುಕ್ಕು ಹಿಡಿದಿದ್ದಾರೆ. ಜೀಪಿನ ಲೆಕ್ಕವನ್ನು ಅವರ ಕೈಯಲ್ಲೇ ಬರೆಸಿದೆವು.

4. ಲೀಟರಿಗೆ ಎಷ್ಟು ಕಿಲೋಮೀಟರ್?

ಇದನ್ನು ಅಳೆಯೋದು ಕಷ್ಟವಲ್ಲ. ನೀವೂ ಅಳೆಯಬಹುದು.

ಮೊದಲು ಬಂಕಿನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ. ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇದೆ ಅಂತ ಬರೆದುಕೊಳ್ಳಿ.
ಕೆಲವು ದಿನ ಗಾಡಿ ಓಡಿಸಿ.
ಮತ್ತೆ ಬಂಕಿಗೆ ಹೋಗಿ ಪೂರ್ತಿ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತು ಅಂತ ಬರೆದುಕೊಳ್ಳಿ. ಮೀಟರನ್ನೂ ನೋಡಿ ಬರೆದುಕೊಳ್ಳಿ.
ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ.

2025ರ ಮಳೆಗಾಲದಲ್ಲಿ ಮೂರು ತಿಂಗಳು ನಾವು ಹೀಗೆ ಬರೆದೆವು. ಜೀಪು 1,080 ಕಿಲೋಮೀಟರ್ ಓಡಿತು. 120 ಲೀಟರ್ ಡೀಸೆಲ್ ಕುಡಿಯಿತು.

1,080 ಭಾಗಿಸು 120 = 9.

ಲೀಟರಿಗೆ 9 ಕಿಲೋಮೀಟರ್. ಡೀಸೆಲ್ ಲೀಟರಿಗೆ 91 ರೂಪಾಯಿ ಅಂತ ಹಿಡಿದೆವು. ಮೂರು ತಿಂಗಳಿಗೆ 10,920 ರೂಪಾಯಿ. ವರ್ಷಕ್ಕೆ ಅದರ ನಾಲ್ಕರಷ್ಟು, ಅಂದರೆ 43,680 ರೂಪಾಯಿ.

ಅತ್ತೆ ಈ ಸಂಖ್ಯೆ ಬರೆದು ಪೆನ್ನು ಕೆಳಗಿಟ್ಟರು. “ಇಷ್ಟೊಂದಾ?” ಅಂದರು.

5. ಜೀಪು ಇಟ್ಟುಕೊಂಡರೆ ವರ್ಷದ ಖರ್ಚು

ಡೀಸೆಲ್ ಒಂದೇ ಖರ್ಚಲ್ಲ. ಬೇರೆ ಖರ್ಚು ಒಂದೊಂದಾಗಿ ಬರುತ್ತವೆ. ಅದಕ್ಕೇ ಕಣ್ಣಿಗೆ ಬೀಳೋದಿಲ್ಲ. ಒಂದೇ ಕಡೆ ಬರೆದರೆ ಕಾಣುತ್ತವೆ.

ಡೀಸೆಲ್: 43,680 ರೂಪಾಯಿ
ವಿಮೆ: 9,300 ರೂಪಾಯಿ
ರಿಪೇರಿ, ಬ್ಯಾಟರಿ, ಟೈರು: 18,400 ರೂಪಾಯಿ
ಹೊಗೆ ತಪಾಸಣೆ: 300 ರೂಪಾಯಿ
ನೋಂದಣಿ ಶುಲ್ಕ: 2,000 ರೂಪಾಯಿ
ಒಟ್ಟು: 73,680 ರೂಪಾಯಿ

ನೋಂದಣಿ ಶುಲ್ಕ 10,000 ಅಲ್ಲವೇ, 2,000 ಯಾಕೆ ಬರೆದಿರಿ ಅಂತ ನೀವು ಕೇಳಬಹುದು. ಅದು ಐದು ವರ್ಷದ ಶುಲ್ಕ. ಐದರಿಂದ ಭಾಗಿಸಿದರೆ ವರ್ಷಕ್ಕೆ 2,000. ಆದರೆ ಕಟ್ಟುವಾಗ 10,000ವನ್ನೂ ಒಂದೇ ಸಲ ಕಟ್ಟಬೇಕು. ಹಸಿರು ತೆರಿಗೆ ಬೇರೆ. ಗಾಡಿ ತೋರಿಸುವ ಮೊದಲು ಲೈಟು, ಬ್ರೇಕು, ಬಣ್ಣ ಎಲ್ಲಾ ಸರಿಮಾಡಿಸಬೇಕು. ಅದೂ ಬೇರೆ.

73,680ನ್ನು 12 ತಿಂಗಳಿಗೆ ಹಂಚಿ. ತಿಂಗಳಿಗೆ 6,140 ರೂಪಾಯಿ.

ನಮ್ಮ ಮೈದುನ ಸುಮ್ಮನಾದರು. ಆದರೂ ಒಂದು ಮಾತು ಕೇಳಿದರು: “ಜೀಪು ಇಲ್ಲದೇ ಇದ್ರೆ ಓಡಾಟಕ್ಕೆ ದುಡ್ಡು ಬೇಡ್ವಾ?”

ಒಳ್ಳೇ ಪ್ರಶ್ನೆ. ಒಂದು ಕಡೆ ಲೆಕ್ಕ ಬರೆದು ತೀರ್ಮಾನ ಮಾಡಬಾರದು. ಇನ್ನೊಂದು ಕಡೆಯನ್ನೂ ಬರೆಯಬೇಕು.

6. ಜೀಪು ಇಲ್ಲದಿದ್ದರೆ?

ಮೂರು ತಿಂಗಳಲ್ಲಿ ಜೀಪು ಎಲ್ಲೆಲ್ಲಿ ಓಡಿತ್ತು? ಅತ್ತೆ ನೋಟ್‌ಬುಕ್ಕಿನಲ್ಲಿ ಬರೆದಿದ್ದರು.

ತುಮಕೂರು ಪೇಟೆ, ಶಾಲೆ, ಬ್ಯಾಂಕು: 400 ಕಿಲೋಮೀಟರ್
ತೋಟ: 320 ಕಿಲೋಮೀಟರ್
ಗುಬ್ಬಿಗೆ, ಅತ್ತೆಯ ತವರಿಗೆ: 200 ಕಿಲೋಮೀಟರ್
ಕುಣಿಗಲ್‌ಗೆ, ನಾದಿನಿ ಮನೆಗೆ: 160 ಕಿಲೋಮೀಟರ್

ಇದನ್ನು ಓದಿ ನಮಗೇ ನಾಚಿಕೆ ಆಯಿತು. ಹೆಚ್ಚು ಓಡಿದ್ದು ಪೇಟೆಗೆ! ಕ್ಯಾತ್ಸಂದ್ರ ಹೆದ್ದಾರಿ ಪಕ್ಕದ ಊರು. ಪೇಟೆಗೆ ಬಸ್ಸಿಗೇನೂ ಬರವಿಲ್ಲ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಗೆ ದುಡ್ಡೂ ಇಲ್ಲ. ಇದೇ ಶಕ್ತಿ ಯೋಜನೆ. 2023ರ ಜೂನ್ 11ರಂದು ಶುರುವಾಯಿತು. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರು ಶೂನ್ಯ ಟಿಕೆಟು ಕೊಡುತ್ತಾರೆ. ಗುಬ್ಬಿಗೆ ಬಸ್ಸೂ ಇದೆ, ರೈಲೂ ಇದೆ. ಕುಣಿಗಲ್‌ಗೂ ಬಸ್ಸಿದೆ.

ಇನ್ನು ತೋಟ. ತೋಟದ ದಾರಿಗೆ ಈಗ ಟಾರು ಬಂದಿದೆ. ಕೊನೆಯ ಸ್ವಲ್ಪ ದೂರ ಮಾತ್ರ ಮಣ್ಣು. ಮೂರು ತಿಂಗಳ ಮಳೆಯಲ್ಲಿ ಸಣ್ಣ ಗೇರು ಹಾಕಿದ್ದು ಬರೀ ಮೂರು ದಿನ. ಕಾಯಿ ಹೊರೋಕೆ ಲಗೇಜ್ ಆಟೋ ಸಿಗುತ್ತದೆ.

ಜೀಪು ಇಲ್ಲದಿದ್ದರೆ ಆಗುವ ವರ್ಷದ ಖರ್ಚನ್ನು ಹೀಗೆ ಬರೆದೆವು:

ಲಗೇಜ್ ಆಟೋ: 16,000 ರೂಪಾಯಿ
ಮದುವೆ, ಮುಂಜಿ, ಆಸ್ಪತ್ರೆಗೆ ಬಾಡಿಗೆ ಗಾಡಿ: 9,000 ರೂಪಾಯಿ
ಸ್ಕೂಟರಿಗೆ ಹೆಚ್ಚಿನ ಪೆಟ್ರೋಲು: 6,000 ರೂಪಾಯಿ
ಗಂಡಸರ ಬಸ್ಸು, ರೈಲು: 3,000 ರೂಪಾಯಿ
ಒಟ್ಟು: 34,000 ರೂಪಾಯಿ

ಈಗ ಕಳೆಯಿರಿ. 73,680ರಲ್ಲಿ 34,000 ಹೋದರೆ 39,680. ವರ್ಷಕ್ಕೆ ಇಷ್ಟು ದುಡ್ಡು ಉಳಿಯುತ್ತದೆ. ತಿಂಗಳಿಗೆ ಸುಮಾರು 3,300 ರೂಪಾಯಿ.

7. ದುಡ್ಡಿನಲ್ಲಿ ಬರೆಯಲಾಗದ್ದು

ಎಲ್ಲಾ ಲೆಕ್ಕವೂ ದುಡ್ಡಿನಲ್ಲಿ ಬರುವುದಿಲ್ಲ. ಅದನ್ನೂ ಒಂದು ಹಾಳೆಯಲ್ಲಿ ಬರೆದೆವು.

ರಾತ್ರಿ ಯಾರಿಗಾದರೂ ಕಾಯಿಲೆ ಆದರೆ? ಹಿಂದೆ ಜೀಪೇ ಗತಿ. ಈಗ 108ಕ್ಕೆ ಫೋನ್ ಮಾಡಬಹುದು. ನಮ್ಮ ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಇದೆ. ದುಡ್ಡು ಕೊಡಬೇಕಾಗಿಲ್ಲ. ಆದರೂ ಬೀದಿಯಲ್ಲಿರುವ ಇಬ್ಬರು ಆಟೋದವರ ಫೋನ್ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದೆವು. ಅತ್ತೆಯೇ ಬರೆದರು.

ಹೊಗೆ? ಹಳೇ ಡೀಸೆಲ್ ಇಂಜಿನ್ನಿನ ಕಪ್ಪು ಹೊಗೆ ಎದೆಗೆ ಕೆಟ್ಟದ್ದು. ಜೀಪು ಶುರುಮಾಡಿದರೆ ಮಗಳಿಗೆ ಕೆಮ್ಮು ಬರುತ್ತಿತ್ತು.

ಮಾವನ ನೆನಪು? ಇದಕ್ಕೆ ಯಾವ ಲೆಕ್ಕ? ಜೀಪಿನ ಸೀಟಿನ ಕೆಳಗೆ ಅವರ ಹಳೇ ಟವೆಲ್ಲು ಇತ್ತು. ಅತ್ತೆ ಅದನ್ನು ತೆಗೆದು ಒಗೆದು ಇಟ್ಟರು. “ನೆನಪು ಮನಸ್ಸಲ್ಲಿರುತ್ತೆ ಕಣಮ್ಮ. ಅದಕ್ಕೆ ಡೀಸೆಲ್ ಹಾಕಬೇಕಾಗಿಲ್ಲ,” ಅಂದರು.

ಮಾರುವುದು ಅಂತ ಎಲ್ಲರೂ ಒಪ್ಪಿದೆವು. ಮೈದುನನೂ ಒಪ್ಪಿದರು. ಜಗಳ ಆಗಲಿಲ್ಲ. ಯಾಕೆಂದರೆ ಲೆಕ್ಕ ಎಲ್ಲರ ಕಣ್ಣ ಮುಂದೆ ಇತ್ತು.

8. ದಲ್ಲಾಳಿ ಬಂದರು

ಜೀಪು ಕೊಡುತ್ತಾರೆ ಅಂತ ಸುದ್ದಿ ಹಬ್ಬಿತು. ಒಬ್ಬ ದಲ್ಲಾಳಿ ಬಂದರು. ಜೀಪಿನ ಸುತ್ತ ಒಂದು ಸುತ್ತು ಬಂದರು.

“ಗುಜರಿ ಮಾಲು ಅಮ್ಮಾವ್ರೆ. ಬೇರೆ ಯಾರೂ ತಗೊಳ್ಳಲ್ಲ. 60,000 ಕೊಡ್ತೀನಿ. ಈಗಲೇ ಕ್ಯಾಶು,” ಅಂದರು. ದುಡ್ಡಿನ ಕಟ್ಟು ಮೇಜಿನ ಮೇಲೆ ಇಟ್ಟರು. ಎರಡು ಫಾರಂ ತೆಗೆದರು. “ಇಲ್ಲಿ ಒಂದು ಸೈನು, ಇಲ್ಲಿ ಒಂದು ಸೈನು,” ಅಂದರು.

ಆರ್.ಸಿ. ಮಾವನ ಹೆಸರಿನಲ್ಲೇ ಇತ್ತು. ಅದನ್ನು ಹೇಳಿದೆವು.

“ಅದಕ್ಕೇನಂತೆ ಮೇಡಂ. ಅವರ ಹಳೇ ಸೈನು ನೋಡ್ಕೊಂಡು ಯಾರಾದ್ರೂ ಹಾಕಿಬಿಡಿ. ಯಾರು ಕೇಳ್ತಾರೆ?” ಅಂದರು.

ಅತ್ತೆ ಫಾರಂ ಕೈಗೆ ತಗೊಂಡರು. ಅದು ಇಂಗ್ಲಿಷಿನಲ್ಲಿತ್ತು. ಅತ್ತೆಗೆ ಇಂಗ್ಲಿಷು ಬರೋದಿಲ್ಲ. ಆದರೆ ಖಾಲಿ ಗೆರೆ ಯಾರಿಗೆ ತಿಳಿಯೋದಿಲ್ಲ? ಒಂದೊಂದು ಗೆರೆಯ ಮೇಲೂ ಬೆರಳಿಟ್ಟು ನಮ್ಮನ್ನು ಕೇಳಿದರು.

“ಇಲ್ಲಿ ಏನು ಬರೀಬೇಕು?”

“ಕೊಳ್ಳೋರ ಹೆಸರು ಅತ್ತೆ.”

“ಖಾಲಿ ಐತೆ. ಇಲ್ಲಿ?”

“ಕೊಳ್ಳೋರ ವಿಳಾಸ.”

“ಅದೂ ಖಾಲಿ. ಇಲ್ಲಿ?”

“ಮಾರಿದ ತಾರೀಕು.”

ಅತ್ತೆ ಫಾರಂ ಮಡಿಸಿ ದಲ್ಲಾಳಿಗೆ ಕೊಟ್ಟರು. “ನೋಡಪ್ಪ, ಖಾಲಿ ಕಾಗದಕ್ಕೆ ನಾನು ಸೈನ್ ಹಾಕಲ್ಲ. ತೀರಿಹೋದವರ ಸೈನು ಹಾಕೋದಂತೂ ಆಗದ ಮಾತು. ದುಡ್ಡು ಎತ್ಕೊ,” ಅಂದರು.

ಅಕ್ಕಂದಿರೇ, ಅವತ್ತು ಮೇಜಿನ ಮೇಲೆ 60,000 ರೂಪಾಯಿ ಇತ್ತು. ನಮಗೂ ಒಂದು ಗಳಿಗೆ ಆಸೆ ಆಗಿತ್ತು. ಸುಳ್ಳು ಹೇಳುವುದಿಲ್ಲ. ಅತ್ತೆ ಹಿಂದಿನ ಹಾಗೆ ಹೆಬ್ಬೆಟ್ಟು ಒತ್ತುವವರಾಗಿದ್ದರೆ ಏನಾಗುತ್ತಿತ್ತು? ಯೋಚಿಸಿ.

9. ಹೆಸರು ಬದಲಾಗದಿದ್ದರೆ ಏನಾಗುತ್ತದೆ?

“ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ” ಅಂತ ಗಾದೆ ಇದೆ. ಗಾಡಿ ಕೊಟ್ಟು ಹೆಸರು ಬದಲಾಯಿಸದವರ ಪಾಡು ಅದೇ.

ಜೀಪು ಮಾರಿದಿರಿ. ದುಡ್ಡು ಬಂತು. ಆದರೆ ಆರ್.ಸಿ.ಯಲ್ಲಿ ನಿಮ್ಮ ಹೆಸರೇ ಉಳಿಯಿತು. ಕೊಂಡವರು ಎಲ್ಲೋ ಅಪಘಾತ ಮಾಡಿದರು. ಆಗ ಪೊಲೀಸರು ಯಾರ ಮನೆಗೆ ಬರುತ್ತಾರೆ? ಆರ್.ಸಿ.ಯಲ್ಲಿ ಹೆಸರಿದ್ದವರ ಮನೆಗೆ. ವಿಮೆ ಇಲ್ಲದಿದ್ದರೆ ಪರಿಹಾರದ ಹೊಣೆಯೂ ಅವರದೇ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. “ನಾನು ಮಾರಿದ್ದೆ ಸ್ವಾಮಿ” ಅಂದರೆ ಸಾಲದು. ಗಾಡಿಯನ್ನು ಕಳ್ಳತನಕ್ಕೆ, ಕಳ್ಳಸಾಗಣೆಗೆ ಬಳಸಿದರೂ ಮೊದಲು ಹುಡುಕುವುದು ನಿಮ್ಮನ್ನೇ.

ಇದಕ್ಕೆ ಕಾನೂನಿನಲ್ಲಿ ದಾರಿ ಇದೆ.

ಮಾಲೀಕರು ಬದುಕಿದ್ದರೆ: ಫಾರಂ 29 ಮತ್ತು ಫಾರಂ 30 ತುಂಬಬೇಕು. 29 ಅಂದರೆ ಮಾರಿದ್ದೇನೆ ಅಂತ ತಿಳಿಸುವ ಕಾಗದ. 30 ಅಂದರೆ ಹೆಸರು ಬದಲಾಯಿಸಿ ಅಂತ ಕೇಳುವ ಅರ್ಜಿ. ಮಾರಿದವರು 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ತಿಳಿಸಬೇಕು.

ಮಾಲೀಕರು ತೀರಿಕೊಂಡಿದ್ದರೆ: ಮೊದಲು ಗಾಡಿ ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ಫಾರಂ 31. ತೀರಿಕೊಂಡ ವಿಷಯವನ್ನು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಮರಣ ಪತ್ರ ಬೇಕು. ವಾರಸುದಾರರು ಯಾರು ಅಂತ ತೋರಿಸುವ ಪತ್ರವೂ ಬೇಕು.

ಸಾಲದ ಗಾಡಿ ಆಗಿದ್ದರೆ: ಸಾಲ ತೀರಿದ ಮೇಲೆ ಫಾರಂ 35 ಕೊಟ್ಟು ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ನಮ್ಮ ಮಾವ ಅದನ್ನು ಮೊದಲೇ ಮಾಡಿದ್ದರು. ಇಲ್ಲದಿದ್ದರೆ ಇಷ್ಟು ವರ್ಷದ ಮೇಲೆ ಬ್ಯಾಂಕಿಗೆ ಅಲೆಯಬೇಕಿತ್ತು.

ಗುಜರಿಗೆ ಹಾಕುವುದಾದರೆ: ಸರ್ಕಾರದಲ್ಲಿ ನೋಂದಣಿಯಾದ ಗುಜರಿ ಕೇಂದ್ರಕ್ಕೇ ಕೊಡಬೇಕು. ಅವರು ಗಾಡಿ ತಗೊಂಡಿದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ನೋಂದಣಿಯನ್ನೂ ರದ್ದು ಮಾಡಿಸಬೇಕು. ಬೀದಿಯ ಗುಜರಿಗೆ ಕೊಟ್ಟರೆ ಗಾಡಿ ಸಾಯುತ್ತದೆ, ನಂಬರು ಬದುಕಿರುತ್ತದೆ. ಆ ನಂಬರನ್ನು ಬೇರೆ ಗಾಡಿಗೆ ಹಾಕಿ ಮೋಸ ಮಾಡುವವರಿದ್ದಾರೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ನಾವು ಮೇಷ್ಟ್ರ ಕೆಲಸ ಮಾಡುವವರು. ಆದರೂ ಮಾವ ತೀರಿಕೊಂಡು ಒಂದು ವರ್ಷ ಕಳೆದರೂ ಹೆಸರು ಬದಲಾಯಿಸಿರಲಿಲ್ಲ. ದುಃಖದಲ್ಲಿ ಮರೆತೆವು, ಆಮೇಲೆ ಸೋಮಾರಿಗಳಾದೆವು. ಆ ದಿನಗಳಲ್ಲಿ ಏನಾದರೂ ಅಪಘಾತ ಆಗಿದ್ದರೆ ವಿಮೆಯ ದುಡ್ಡಿಗೂ ತೊಂದರೆ ಬರುತ್ತಿತ್ತು. ನೀವು ಹಾಗೆ ಮಾಡಬೇಡಿ.

ದಲ್ಲಾಳಿ ಹೋದ ಮೇಲೆ ನಾವು ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸಿದೆವು. ನಮ್ಮ ಯಜಮಾನರು, ಮೈದುನ, ನಾದಿನಿ ಮೂವರೂ ಒಪ್ಪಿಗೆ ಪತ್ರ ಬರೆದುಕೊಟ್ಟರು. ತಡ ಮಾಡಿದ್ದಕ್ಕೆ ದಂಡವನ್ನೂ ಕಟ್ಟಿದೆವು. ಜೀಪು ಅತ್ತೆಯ ಹೆಸರಿಗೆ ಬಂತು. ಹೊಸ ಆರ್.ಸಿ.ಯನ್ನು ಅತ್ತೆ ಎರಡು ಸಲ ತಿರುಗಿಸಿ ನೋಡಿದರು. ಅವರ ಹೆಸರಿನಲ್ಲಿ ಬಂದ ಮೊದಲ ಆಸ್ತಿ ಅದು.

10. ಒಂದೇ ಜೀಪು, ಎರಡು ಲೆಕ್ಕ

ನಾವು ಒಂದೇ ಬೆಲೆ ಕೇಳಿ ಸುಮ್ಮನಾಗಲಿಲ್ಲ. ಮೂರು ಕಡೆ ಕೇಳಿದೆವು. ಗುಜರಿಯವರು ತೂಕದ ಲೆಕ್ಕದಲ್ಲಿ 32,000 ಅಂದರು. ದಲ್ಲಾಳಿ 60,000 ಅಂದಿದ್ದರು. ಆಮೇಲೆ ದುರ್ಗದ ಬೆಟ್ಟದ ಬುಡದ ಒಂದು ಹಳ್ಳಿಯಿಂದ ಗಂಡ ಹೆಂಡತಿ ಬಂದರು.

ಆ ಹೆಂಗಸು ಗಟ್ಟಿ. ಗಂಡನಿಗಿಂತ ಮುಂಚೆ ಆಕೆಯೇ ಜೀಪಿನ ಕೆಳಗೆ ಬಗ್ಗಿ ನೋಡಿದಳು. ಆಯಿಲ್ ಸೋರುತ್ತಾ ಅಂತ ನೋಡಿದಳು. ಕೆಳಗಿನ ಕಬ್ಬಿಣ ತುಕ್ಕು ಹಿಡಿದಿದೆಯಾ ಅಂತ ಬೆರಳಿನಿಂದ ತಟ್ಟಿ ನೋಡಿದಳು. ಇಂಜಿನ್ ಶುರುಮಾಡಿಸಿ ಹೊಗೆ ನೋಡಿದಳು. ಆರ್.ಸಿ.ಯಲ್ಲಿದ್ದ ಚಾಸಿ ನಂಬರನ್ನೂ ಗಾಡಿಯ ಮೇಲಿನ ನಂಬರನ್ನೂ ಗಂಡನಿಂದ ಓದಿಸಿದಳು.

ನಾವು ಕೇಳಿದೆವು: “ಇದು ಡೀಸೆಲ್ ಜಾಸ್ತಿ ಕುಡಿಯುತ್ತೆ. ಗೊತ್ತಾ? ಮುಂದಿನ ವರ್ಷ ನೋಂದಣಿಗೆ 10,000 ಕಟ್ಟಬೇಕು. ಅದೂ ಗೊತ್ತಿರಲಿ.”

ಆಕೆ ಹೇಳಿದಳು: “ಗೊತ್ತು ಟೀಚರಮ್ಮ. ನಮ್ಮ ಮನೆಗೆ ರಸ್ತೆ ಇಲ್ಲ, ಬಸ್ಸೂ ಇಲ್ಲ. ದಿನಾ ಡೈರಿಗೆ ಹಾಲು ಹಾಕಬೇಕು. ಹೋಗಿ ಬರೋದು ನಾಲ್ಕು ಕಿಲೋಮೀಟರ್. ಮಳೆ ಬಂದ್ರೆ ಆಟೋ ಬರಲ್ಲ. ಹಾಲು ಮನೇಲೇ ಒಡೆದು ಹೋಗುತ್ತೆ.”

ಅತ್ತೆ ನೋಟ್‌ಬುಕ್ಕು ತಂದರು. ಅವರಿಬ್ಬರ ಮುಂದೆಯೇ ಲೆಕ್ಕ ಹಾಕಿದರು. ದಿನಕ್ಕೆ 4 ಕಿಲೋಮೀಟರ್ ಅಂದರೆ ತಿಂಗಳಿಗೆ 120. ಲೀಟರಿಗೆ 9 ಅಂದರೆ ಸುಮಾರು 13 ಲೀಟರು. ದುಡ್ಡಿನಲ್ಲಿ ಸುಮಾರು 1,200 ರೂಪಾಯಿ. ಕೆಸರಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ವಿಮೆ, ರಿಪೇರಿ ಬೇರೆ.

“ಮೂರು ದಿನ ಹಾಲು ಒಡೆದ್ರೆ ಇಷ್ಟು ದುಡ್ಡು ಹೋಗುತ್ತೆ ಅವ್ವ,” ಅಂದಳು ಆಕೆ.

ನೋಡಿ, ಅದೇ ಜೀಪು. ಹೆದ್ದಾರಿ ಪಕ್ಕದ ನಮ್ಮ ಮನೆಗೆ ಅದು ಹೊರೆ. ಬೆಟ್ಟದ ಬುಡದ ಅವರ ಮನೆಗೆ ಅದು ದುಡಿಯುವ ಎತ್ತು. ನಾವು ಮಾರಿದ್ದು ಸರಿ. ಅವರು ಕೊಂಡದ್ದೂ ಸರಿ. ಪಕ್ಕದ ಮನೆಯವರು ಮಾರಿದರು ಅಂತ ನೀವು ಮಾರಬೇಡಿ. ಅವರು ಇಟ್ಟುಕೊಂಡರು ಅಂತ ನೀವು ಇಟ್ಟುಕೊಳ್ಳಬೇಡಿ. ನಿಮ್ಮ ಮನೆಯ ಲೆಕ್ಕ ನೀವೇ ಬರೆಯಿರಿ.

ವ್ಯಾಪಾರ 1,05,000 ರೂಪಾಯಿಗೆ ಆಯಿತು. ದಲ್ಲಾಳಿ ಹೇಳಿದ್ದಕ್ಕಿಂತ 45,000 ಹೆಚ್ಚು. ದುಡ್ಡು ಅತ್ತೆಯ ಬ್ಯಾಂಕ್ ಖಾತೆಗೆ ಬಂತು. ಫಾರಂ 29 ಮತ್ತು 30ನ್ನು ಪೂರ್ತಿ ತುಂಬಿದೆವು. ಹೆಸರು, ವಿಳಾಸ, ತಾರೀಕು ಎಲ್ಲಾ ಬರೆದ ಮೇಲೆ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆವು. ಅತ್ತೆ ಕೇಳಿ, ಆಮೇಲೆ ಸೈನ್ ಹಾಕಿದರು. ನಿಧಾನವಾಗಿ ಹಾಕಿದರು. ಒತ್ತಕ್ಷರವನ್ನೂ ಬಿಡಲಿಲ್ಲ.

ಒಂದು ಚೀಟಿಯನ್ನೂ ಬರೆದುಕೊಂಡೆವು. ಇಂಥ ತಾರೀಕು, ಇಷ್ಟು ಗಂಟೆಗೆ ಜೀಪು ಇವರ ಕೈಗೆ ಕೊಟ್ಟೆವು ಅಂತ. ಇಬ್ಬರೂ ಸೈನ್ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು. ಕೊಂಡವರೂ ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಆರ್.ಸಿ.ಯಲ್ಲಿ ಹೆಸರು ಬದಲಾದ ಮೇಲೆ ಅದರ ಜೆರಾಕ್ಸ್ ತಂದು ನಮಗೆ ತೋರಿಸಿದರು. ಅಲ್ಲಿಗೆ ನಮ್ಮ ಹೊಣೆ ತೀರಿತು.

ಜೀಪು ಹೋಗುವ ದಿನ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಮಗಳು ಅತ್ತಳು. ಮೈದುನ ಬಾಗಿಲಿಗೆ ಬರಲೇ ಇಲ್ಲ. ಅತ್ತೆ ಕೊಂಡ ಹೆಂಗಸಿಗೆ ಹೇಳಿದರು: “ಟೈರಿಗೆ ಗಾಳಿ ನೋಡ್ಕೊಳವ್ವ. ಕೆಸರು ದಾಟಿದ ಮೇಲೆ ಸಣ್ಣ ಗೇರು ತೆಗಿಯೋದು ಮರೀಬ್ಯಾಡ.”

ಈಗ ತಿಂಗಳು ತಿಂಗಳೂ 3,000 ರೂಪಾಯಿ ಮಗಳ ಓದಿಗೆ ಅಂತ ಖಾತೆಗೆ ಹೋಗುತ್ತದೆ. ಗುಬ್ಬಿಗೆ ಹೋಗಬೇಕಾದರೆ ಅತ್ತೆ ಬಸ್ಸಿನ ಬೋರ್ಡು ತಾವೇ ಓದಿ ಹತ್ತುತ್ತಾರೆ.

ನೆನಪಿಡಿ

ಮೊದಲು ಲೆಕ್ಕ, ಆಮೇಲೆ ಮಾತು.
ಇಟ್ಟುಕೊಳ್ಳುವ ಖರ್ಚು, ಇಲ್ಲದಿದ್ದರೆ ಆಗುವ ಖರ್ಚು, ಎರಡನ್ನೂ ಬರೆಯಿರಿ.
ಮೂರು ಕಡೆ ಬೆಲೆ ಕೇಳಿ.
ಖಾಲಿ ಫಾರಂಗೆ ಸೈನ್ ಹಾಕಬೇಡಿ, ಹೆಬ್ಬೆಟ್ಟೂ ಒತ್ತಬೇಡಿ.
ಆರ್.ಸಿ.ಯಲ್ಲಿ ಹೆಸರು ಬದಲಾಗುವ ತನಕ ವ್ಯಾಪಾರ ಮುಗಿಯಲಿಲ್ಲ ಅಂತ ತಿಳಿಯಿರಿ.

ಪದಗಳ ಅರ್ಥ

ಆರ್.ಸಿ.: ಗಾಡಿ ಯಾರದು ಅಂತ ಹೇಳುವ ಸರ್ಕಾರದ ಪತ್ರ
ನೋಂದಣಿ: ಸರ್ಕಾರದ ಪುಸ್ತಕದಲ್ಲಿ ಹೆಸರು ಬರೆಸುವುದು
ವಾರಸುದಾರರು: ತೀರಿಕೊಂಡವರ ಆಸ್ತಿಗೆ ಹಕ್ಕುಳ್ಳವರು
ವಿಮೆ: ಅಪಘಾತವಾದರೆ ಪರಿಹಾರ ಕೊಡಲು ಮುಂಚೆಯೇ ಕಟ್ಟುವ ಹಣ, ಇನ್ಶೂರೆನ್ಸ್
ಪ್ರತಿ: ಒಂದು ಕಾಗದದ ಹಾಗೇ ಇರುವ ಇನ್ನೊಂದು ಕಾಗದ

ಅಭ್ಯಾಸ

1. ಗಾಡಿಯ ನಂಬರು ಓದಿ. ಕೆಎ 06 ಅಂದರೆ ತುಮಕೂರು. ಕೆಎ 44 ಅಂದರೆ ತಿಪಟೂರು. ಕೆಎ 64 ಅಂದರೆ ಮಧುಗಿರಿ. ನಿಮ್ಮ ಬೀದಿಯಲ್ಲಿ ಕಂಡ ಐದು ಗಾಡಿಗಳ ನಂಬರು ಬರೆಯಿರಿ. ಯಾವ ಊರಿನವು ಹೇಳಿ.

2. ಒಂದು ಗಾಡಿ 20 ಲೀಟರಿಗೆ 240 ಕಿಲೋಮೀಟರ್ ಓಡಿತು. ಲೀಟರಿಗೆ ಎಷ್ಟು ಬಂತು?

3. ಜೀಪು ವರ್ಷಕ್ಕೆ ಎಷ್ಟು ಲೀಟರ್ ಡೀಸೆಲ್ ಕುಡಿಯುತ್ತಿತ್ತು? ಪಾಠದಲ್ಲಿ ನೋಡಿ ಲೆಕ್ಕ ಮಾಡಿ.

4. ನಿಮ್ಮ ಮನೆಯಲ್ಲಿ ಗಾಡಿ, ಜಮೀನು, ಮನೆ ಯಾರ ಹೆಸರಿನಲ್ಲಿವೆ? ಕಾಗದ ತೆಗೆದು ನೀವೇ ಓದಿ. ತೀರಿಕೊಂಡವರ ಹೆಸರಿನಲ್ಲಿ ಏನಾದರೂ ಉಳಿದಿದೆಯೇ?

5. ಮಾತಾಡಿ: ಮನೆಯ ದೊಡ್ಡ ವಸ್ತುವನ್ನು ಕೊಳ್ಳುವಾಗ, ಮಾರುವಾಗ ಹೆಂಗಸರನ್ನು ಕೇಳುತ್ತಾರೆಯೇ? ಕೇಳದಿದ್ದರೆ ನಾವು ಏನು ಮಾಡಬೇಕು?

6. ನಿಮ್ಮ ಸೈನನ್ನು ಐದು ಸಲ ಬರೆಯಿರಿ. ಪ್ರತಿ ಸಲ ಸೈನ್ ಹಾಕುವ ಮೊದಲು ಈ ಸಾಲನ್ನು ಓದಿ: “ಓದಿ ತಿಳಿದ ಮೇಲೆ ಸೈನ್ ಹಾಕುತ್ತೇನೆ.”